ಹೋಲ್ಡನ್ನರ ಮುಂದಿನ ಕೋಣೆ ಬಿಸಿಯಾದದ್ದು

ಇಂಗ್ಲೆಂಡಿನ ಬೇಕಪ್ ಊರಿನ ಕ್ರಾಂಕ್‌ಶಾ ಬೀದಿಯಲ್ಲಿ ಸಿರಿಲ್ ಹೋಲ್ಡನ್ ಎಂಬ ಮನುಷ್ಯ ನವೆಂಬರ್ ತಿಂಗಳ ಒಂದು ಬುಧವಾರ ಸಂಜೆ ಆರೂವರೆಗೆ ಮಹಾಪುರುಷನಾದ. ಏಳು ಗಂಟೆಗೆ ಮತ್ತೆ ಮೊದಲಿನಂತಾದ. ಆ ಅರ್ಧ ಗಂಟೆಯ ಸಂಗತಿಯನ್ನು ಮೊದಲು ಹೇಳಿಬಿಡಬೇಕು.

ಸಿರಿಲ್ ಚಪ್ಪಲಿ ಕಾರ್ಖಾನೆಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದವನು. ಎಡಗಾಲಿಗೆ ಬಲಗಾಲು ಜೋಡಿಯಾಗುವಂತೆ ನೋಡಿಕೊಳ್ಳುವುದು ಅವನ ಕೆಲಸ, ಅದರಲ್ಲಿ ಅವನು ತಪ್ಪಿದ್ದು ಕಡಿಮೆ. ತಪ್ಪುವುದೆಲ್ಲ ಮನೆಗೆ ಬಂದ ಮೇಲೆ. ಅವನು ಹೊಡೆದ ಶೆಲ್ಫಿನ ಮೇಲೆ ಯಾವ ವಸ್ತುವನ್ನೂ ಇಡುವಂತಿರಲಿಲ್ಲ. ಅವನು ಕೂರಿಸಿದ ಹಿತ್ತಲ ಗೇಟು ಮಳೆ ಬಂದಾಗ ತೆರೆಯುತ್ತಿರಲಿಲ್ಲ, ಮತ್ತು ಬೇಕಪ್ಪಿನಲ್ಲಿ ಮಳೆ ಬಾರದ ದಿನ ಯಾವುದು? ಹೆಂಡತಿ ಡೋರೀನ್ ಇದಕ್ಕೆಲ್ಲ ಜಗಳವಾಡಿದವಳಲ್ಲ. ಹೊರಗಿನವರು ಯಾರಾದರೂ "ಈ ಗೇಟು ಯಾರು ಮಾಡಿದ್ದು?" ಎಂದು ಕೇಳಿದರೆ ಅವಳು ಮಾತು ತಿರುಗಿಸಿ ಹವಾಮಾನದ ವಿಷಯ ತೆಗೆಯುತ್ತಿದ್ದಳು, ಅಷ್ಟೆ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ "ಇದು ನಮ್ಮ ಸಿರಿಲ್ ಮಾಡಿದ್ದು" ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಸಿರಿಲ್‌ಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಆ ಒಂದು ಮಾತು.

ಬಚ್ಚಲುಮನೆಯ ರೇಡಿಯೇಟರು, ಅಂದರೆ ಬಾಯ್ಲರಿನ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಕಬ್ಬಿಣದ ಹಲಗೆ, ಅದರ ವಾಲ್ವು ಹನಿಯತೊಡಗಿದಾಗ ಅವನಿಗೆ ಯೋಗ ಕೂಡಿಬಂದಂತಾಯಿತು. ಪ್ಲಂಬರ್ ರೈಡಿಂಗ್ಸ್‌ನನ್ನು ಕರೆಸು ಎಂದಳು ಡೋರೀನ್. ಈ ರೈಡಿಂಗ್ಸ್‌ಗೆ ಒಂದು ಚಾಳಿ. ಯಾರ ಮನೆಗೆ ಹೋದರೂ ಮೊದಲು ಹಲ್ಲಿನ ಸಂದಿಯಿಂದ ಉಸ್ಸೆಂದು ಗಾಳಿ ಎಳೆದು, ತಲೆ ಅಲ್ಲಾಡಿಸಿ, "ಯಾರು ಕೈಹಾಕಿದ್ರು ಇದಕ್ಕೆ?" ಎನ್ನುತ್ತಿದ್ದ. ಆಮೇಲೆ ಅದನ್ನೇ ಕ್ಲಬ್ಬಿನಲ್ಲಿ ಬಿಯರಿನ ಜೊತೆ ಉಪ್ಪಿನಕಾಯಿಯಂತೆ ನೆಂಚಿಕೊಳ್ಳುತ್ತಿದ್ದ.

"ರೈಡಿಂಗ್ಸ್ ಯಾಕೆ? ನಾನಿಲ್ವಾ?" ಎಂದ ಸಿರಿಲ್.

"ಇದೀಯ. ಅದಕ್ಕೇ ಹೇಳಿದ್ದು," ಎಂದಳು ಡೋರೀನ್.

ಸಿರಿಲ್ ಬಿಡಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದ. ಕಾರ್ಖಾನೆಗೆ ಮೂರು ದಿನ ರಜೆ ಹಾಕಿದ. ಬುಧವಾರ ಬೆಳಿಗ್ಗೆ ಬಾಯ್ಲರ್ ಆರಿಸಿ, ಅಟ್ಟದ ತೊಟ್ಟಿಗೆ ಬರುವ ನೀರು ನಿಲ್ಲಿಸಿ, ಹೋಸ್ ಪೈಪು ಸಿಕ್ಕಿಸಿ ಇಡೀ ಮನೆಯ ರೇಡಿಯೇಟರುಗಳ ನೀರನ್ನು ಹಿಂದಿನ ಓಣಿಗೆ ಬಿಟ್ಟ. ಹದಿನೈದು ವರ್ಷದ ನೀರು ಕಷಾಯದಂತೆ ಕಪ್ಪಗೆ ಹರಿಯಿತು. ಹೊಸ ವಾಲ್ವು ಹಾಕಿ, ಮತ್ತೆ ನೀರು ತುಂಬಿಸಿ, ಚೋಟುದ್ದದ ಹಿತ್ತಾಳೆ ಕೀಲಿ ಹಿಡಿದು ಒಂದೊಂದೇ ರೇಡಿಯೇಟರಿನೊಳಗೆ ಸಿಕ್ಕಿ ಬಿಸಿನೀರಿಗೆ ಅಡ್ಡವಾಗುವ ಗಾಳಿ ಬಿಡಿಸಿದ. ಉಸ್ಸೆಂದು ಗಾಳಿ ಹೋಗಿ ಪಿಚಕ್ಕೆಂದು ನೀರು ಬಂದೊಡನೆ ತಿರುಪು ಬಿಗಿಯಬೇಕು. ಸಿರಿಲ್ ಬಿಗಿಯುತ್ತಿದ್ದದ್ದು ಮುಖಕ್ಕೆ ನೀರು ಬಿದ್ದ ಮೇಲೆ, ಆದರೆ ಬಿಗಿದ. ಸಂಜೆ ಆರೂವರೆಗೆ ಮಹಡಿಯ ನಾಲ್ಕು, ಅಡಿಗೆಮನೆಯ ಒಂದು, ಹಿಂದಿನ ಕೋಣೆಯ ಒಂದು, ಹೀಗೆ ಆರೂ ರೇಡಿಯೇಟರುಗಳು ಮುಟ್ಟಲಾಗದಂತೆ ಕಾದವು.

ಸಿರಿಲ್ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಪಕ್ಕದ ಮನೆಯ ಮಿಸೆಸ್ ಗ್ರಿಂಶಾ ಹಾಲಿನ ಬಾಟಲಿ ಹೊರಗಿಡಲು ಬಂದಳು. ಎದುರು ಮನೆಯ ಆಲ್ಬರ್ಟ್ ಪಾರ್ ಪೈಪು ಸೇದುತ್ತ ನಿಂತಿದ್ದ. ಅವನು ಹತ್ತಿ ಗಿರಣಿಯ ಬಾಯ್ಲರ್ ಕಾಯ್ದು ನಿವೃತ್ತನಾದವನು.

"ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಿದೆ," ಎಂದ ಸಿರಿಲ್, ಇಬ್ಬರಿಗೂ ಕೇಳುವಂತೆ. "ಒಬ್ಬನೇ. ಏನೂ ಕಷ್ಟ ಇಲ್ಲ ಮಿಸೆಸ್ ಗ್ರಿಂಶಾ, ಸ್ವಲ್ಪ ತಲೆ ಬೇಕು. ಈ ಪ್ಲಂಬರುಗಳು ಸುಮ್ನೆ ದೊಡ್ಡದು ಮಾಡ್ತಾರೆ."

"ಗಿರಣೀಲಿ ನಾವು ತುಂಬಿಸೋಕೆ ಒಂದು ವಾರ ತಗೋತಿದ್ವಿ ಹುಡುಗಾ," ಎಂದ ಆಲ್ಬರ್ಟ್. ಐವತ್ತೊಂದರ ಸಿರಿಲ್ ಅವನ ಕಣ್ಣಿಗೆ ಇನ್ನೂ ಹುಡುಗ.

"ಅಟ್ಟ ಹತ್ತಿ ಇಳಿದು ಎದೆ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ," ಎಂದು ಸಿರಿಲ್ ಎದೆಯುಜ್ಜಿಕೊಂಡ. ಶೂರರು ಗಾಯ ತೋರಿಸುವ ಹಾಗೆ ತೋರಿಸಿದನೇ ಹೊರತು ನಿಜವಾಗಿ ನೋವೇನೂ ಇರಲಿಲ್ಲ. ಮಿಸೆಸ್ ಗ್ರಿಂಶಾ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಏಳು ಗಂಟೆಗೆ ಒಳಗಿನಿಂದ ಡೋರೀನ್ ಕರೆದಳು.

"ಸಿರಿಲ್. ಮುಂದಿನ ಕೋಣೆ ಮುಟ್ಟಿ ನೋಡಿದ್ಯಾ?"

ಮುಂದಿನ ಕೋಣೆ! ಏಳನೆಯ ರೇಡಿಯೇಟರು ಅಲ್ಲಿತ್ತು. ಸಿರಿಲ್ ಅದರ ಕೈತಿರುಪು ಬಿಚ್ಚಿ ಗಾಳಿ ಬಿಡಿಸಿದ್ದ, ಆದರೆ ಮುಟ್ಟಿ ನೋಡಲು ಮರೆತಿದ್ದ. ಮರೆತದ್ದರಲ್ಲಿ ಆಶ್ಚರ್ಯವಿಲ್ಲ. ಆ ಬೀದಿಯಲ್ಲಿ ಯಾರೂ ಮುಂದಿನ ಕೋಣೆಯಲ್ಲಿ ವಾಸಿಸುತ್ತಿರಲಿಲ್ಲ. ಒಳ್ಳೆಯ ಸೋಫಾ, ಒಳ್ಳೆಯ ಪಿಂಗಾಣಿ, ಒಳ್ಳೆಯ ಗಡಿಯಾರ ಎಲ್ಲ ಅಲ್ಲಿರುತ್ತಿದ್ದವು; ಮನುಷ್ಯರು ಹಿಂದಿನ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಇರುತ್ತಿದ್ದರು. ಮದುವೆ, ಸಾವು, ಪಾದ್ರಿಗಳ ಭೇಟಿ, ಈ ಮೂರಕ್ಕೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು. ಹೋಲ್ಡನ್ನರ ಮನೆಯಲ್ಲಿ ಕೊನೆಯ ಸಲ ತೆರೆದದ್ದು ಎಂಟು ವರ್ಷದ ಹಿಂದೆ, ಡೋರೀನಳ ತಾಯಿ ತೀರಿಕೊಂಡಾಗ. ಈಗ ತೆರೆಯಬೇಕಾಗಿ ಬಂದದ್ದು ಒಳ್ಳೆಯ ಕಾರ್ಯಕ್ಕೆ. ಮಗಳು ಜಾನೆಟ್ಟಳನ್ನು ಮದುವೆಯಾಗಲಿರುವ ಕೀತ್‌ನ ತಂದೆತಾಯಿ ಭಾನುವಾರ ನಾಲ್ಕು ಗಂಟೆಗೆ ಮೊದಲ ಬಾರಿ ಟೀಗೆ ಬರುವವರಿದ್ದರು. ಬೀಗರಾಗುವ ಆಸ್ಪಿನಾಲ್ ದಂಪತಿಗಳು ಗುಡ್ಡದ ಮೇಲಿನ ಬಂಗಲೆಯವರು, ಮೂರು ಬೇಕರಿಯ ಒಡೆಯರು.

ಸಿರಿಲ್ ಹೋಗಿ ಮುಟ್ಟಿ ನೋಡಿದ. ಕೆಳಗಿನ ಒಂದು ಕೊಳವೆ ಪಾದದೆತ್ತರದವರೆಗೆ ಬಿಸಿ. ಅದರಾಚೆ ರೇಡಿಯೇಟರು ಐಸಿನ ಮೇಲಿಟ್ಟ ಮೀನಿನಂತೆ ತಣ್ಣಗಿತ್ತು.

"ನೀನು ಕೈಹಾಕೋ ತನಕ ಸರಿಯಾಗೇ ಇತ್ತು," ಎಂದಳು ಡೋರೀನ್.

ಆ ರೇಡಿಯೇಟರನ್ನು ಎಂಟು ವರ್ಷದಿಂದ ಯಾರೂ ಮುಟ್ಟಿರಲಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಭಾನುವಾರ ಬೆಳಿಗ್ಗೆಯೊಳಗೆ ಇದು ಬಿಸಿಯಾಗದಿದ್ರೆ," ಎಂದಳು ಅವಳು, "ನಾನೇ ಹೋಗಿ ರೈಡಿಂಗ್ಸ್‌ನ ಕರ್ಕೊಂಡು ಬರ್ತೀನಿ. ಬೀಗರು ಕೋಟು ಹಾಕ್ಕೊಂಡು ಟೀ ಕುಡಿಯೋದು ನನಗೆ ಬೇಕಾಗಿಲ್ಲ."

ಸಿರಿಲ್‌ನ ಕಿವಿಯಲ್ಲಿ ಆಗಲೇ ಉಸ್ಸೆಂದು ಗಾಳಿ ಎಳೆದ ಸದ್ದು ಕೇಳಿಸಿತು.

ಗುರುವಾರ ಅವನು ಪುಸ್ತಕದ ಐದನೆಯ ಅಧ್ಯಾಯವನ್ನು ಅಕ್ಷರಶಃ ಪಾಲಿಸಿದ. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಉಳಿದ ರೇಡಿಯೇಟರುಗಳನ್ನೆಲ್ಲ ಮುಚ್ಚಿ, ಬಿಸಿನೀರೆಲ್ಲ ಒಂದೇ ಕಡೆ ನುಗ್ಗುವಂತೆ ಮಾಡಬೇಕು ಎಂದಿತ್ತು. ಆರನ್ನೂ ಮುಚ್ಚಿದ. ಮುಂದಿನ ಕೋಣೆಯದು ಬಿಸಿಯಾಗಲಿಲ್ಲ, ಉಳಿದ ಮನೆಯೆಲ್ಲ ತಣ್ಣಗಾಯಿತು. ಡೋರೀನ್ ಟೋಪಿ, ಕೋಟು, ಕೈಗವಸು ಹಾಕಿಕೊಂಡು ಆಲೂಗಡ್ಡೆ ಸುಲಿದಳು.

"ಬಿಸಿಯಾಗಿದ್ದ ಆರನ್ನೂ ಕೆಡಿಸಿದ್ಯಲ್ಲೋ. ಇನ್ನು ಬಾಯ್ಲರೊಂದು ಬಾಕಿ."

"ಇದು ಶಾಸ್ತ್ರ ಕಣೆ. ಪುಸ್ತಕದಲ್ಲೇ ಇದೆ."

"ಪುಸ್ತಕ ಬರೆದವನ ಹೆಂಡ್ತಿ ಎಲ್ಲಿ ಆಲೂಗಡ್ಡೆ ಸುಲೀತಾಳೆ, ಅದೂ ಇದ್ಯಾ ನೋಡು."

ಸಿರಿಲ್ ಆರನ್ನೂ ಮತ್ತೆ ತೆರೆದ. ಮುಂದಿನ ಕೋಣೆಯ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಬಿಳಿಯ ಟೋಪಿ ಹಾಕಿದ ಒಂದು ವಾಲ್ವಿತ್ತು. ಸಿರಿಲ್ ಅದನ್ನು ನೋಡಿದ್ದ. ಆದರೆ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ, ಟೋಪಿಯಿರುವ ವಾಲ್ವನ್ನು ಕಸುಬುದಾರರು ಅಳತೆಯಿಟ್ಟು ಕೂರಿಸಿರುತ್ತಾರೆ, ಮನೆಯವರು ಯಾವ ಕಾರಣಕ್ಕೂ ಮುಟ್ಟಕೂಡದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಿರಿಲ್ ದಪ್ಪಕ್ಷರಕ್ಕೆ ಹೆದರುವವನು. ಮುಟ್ಟಲಿಲ್ಲ.

ಶುಕ್ರವಾರ ಡೋರೀನ್ ಬೆಳಿಗ್ಗೆ ಏಳಕ್ಕೇ ಶಾಲೆಯ ಅಡಿಗೆಮನೆಯ ಕೆಲಸಕ್ಕೆ ಹೊರಟಳು. "ಮುಂದಿನ ಪರದೆ ತೆಗಿ, ಮರೀಬೇಡ," ಎಂದು ಮೂರು ಸಲ ಹೇಳಿಹೋದಳು. ಸಿರಿಲ್ ಮೂರು ಸಲವೂ "ಹೂಂ" ಎಂದ. ಆದರೆ ಹಿಂದಿನ ರಾತ್ರಿ ಆಲ್ಬರ್ಟ್ ಪಾರ್ ಅವನಿಗೆ ಒಂದು ಗುಟ್ಟು ಹೇಳಿಕೊಟ್ಟಿದ್ದ. ಗಿರಣಿಯಲ್ಲಿ ಗಾಳಿ ಕಟ್ಟಿದರೆ ಮರದ ಸುತ್ತಿಗೆಯಿಂದ ಕೊಳವೆ ಬಡಿಯುತ್ತಿದ್ದರಂತೆ. ಸಿರಿಲ್‌ಗೆ ಆ ಸುತ್ತಿಗೆಯದೇ ಧ್ಯಾನ. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಬೋರಲು ಮಲಗಿ, ಮಿಸೆಸ್ ಗ್ರಿಂಶಾಳ ಗೋಡೆಗಂಟಿದ ಕೊಳವೆಯನ್ನು ಬಡಿಯತೊಡಗಿದ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ಆದರೂ ಬಡಿದ. ಪರದೆ ಮುಚ್ಚಿಯೇ ಇತ್ತು.

ಕ್ರಾಂಕ್‌ಶಾ ಬೀದಿಯಲ್ಲಿ ಹಗಲು ಹೊತ್ತಿನಲ್ಲಿ ಮುಂದಿನ ಕೋಣೆಯ ಪರದೆ ಮುಚ್ಚಿದ್ದರೆ ಅದರ ಅರ್ಥ ಒಂದೇ: ಆ ಮನೆಯಲ್ಲಿ ಹೆಣ ಮಲಗಿದೆ. ಹಸುಗೂಸಿಗೂ ಅದು ಗೊತ್ತು. ನೋಡಿದವರು ಬಾಗಿಲು ತಟ್ಟಿ ವಿಚಾರಿಸುವುದಿಲ್ಲ. ದುಃಖದ ಮನೆಗೆ ತೊಂದರೆ ಕೊಡಬಾರದು. ಸುಮ್ಮನೆ ಮನೆಗೆ ಹೋಗಿ ತಮ್ಮ ಪರದೆಯನ್ನೂ ಎಳೆಯುತ್ತಾರೆ.

ಮಿಸೆಸ್ ಗ್ರಿಂಶಾ ಮೊದಲು ಗೋಡೆಯಾಚೆ ಧಡಧಡ ಕೇಳಿದಳು. ಆಮೇಲೆ ಸದ್ದು ನಿಂತಿತು (ಸಿರಿಲ್ ಹೆಬ್ಬೆರಳಿಗೆ ಹೊಡೆದುಕೊಂಡಿದ್ದ). ಹೊರಗೆ ಬಂದು ನೋಡಿದರೆ ಒಂಬತ್ತೂವರೆಗೆ ಪರದೆ ಮುಚ್ಚಿದೆ. ಬುಧವಾರ ಅವನು ಎದೆಯುಜ್ಜಿಕೊಂಡದ್ದು ನೆನಪಾಯಿತು. ಅವಳು ಬಾಯಿಗೆ ಕೈಯಿಟ್ಟುಕೊಂಡು ಒಳಗೆ ಹೋಗಿ ತನ್ನ ಪರದೆ ಎಳೆದಳು. ಅವಳದ್ದು ನೋಡಿ ಆಲ್ಬರ್ಟ್ ಎಳೆದ. ಹತ್ತೂವರೆಯ ಹೊತ್ತಿಗೆ ಬೀದಿಯ ಎರಡೂ ಬದಿಯ ಮೂವತ್ತೆಂಟು ಮನೆಗಳು ಕಣ್ಣು ಮುಚ್ಚಿದ್ದವು.

ಸಿರಿಲ್ ಉಸಿರು ತೆಗೆದುಕೊಳ್ಳಲೆಂದು ಎದ್ದು ಪರದೆಯ ಅಂಚಿನಿಂದ ಇಣುಕಿದ. ಬೀದಿ ತುಂಬ ಪರದೆ! ಯಾರೋ ದೊಡ್ಡವರೇ ಹೋಗಿರಬೇಕು. ಮುದುಕ ಆಲ್ಬರ್ಟನೇ ಇರಬಹುದೇ? ನಿನ್ನೆ ತಾನೇ ಸುತ್ತಿಗೆಯ ಗುಟ್ಟು ಹೇಳಿಕೊಟ್ಟ ಪುಣ್ಯಾತ್ಮ. ಸಿರಿಲ್‌ನ ಕಣ್ಣು ಮಂಜಾಯಿತು. ಸದ್ಯ ನಮ್ಮ ಪರದೆ ಮುಚ್ಚಿಯೇ ಇದೆಯಲ್ಲ, ಮರ್ಯಾದೆ ಉಳಿಯಿತು ಎಂದುಕೊಂಡ. ಸುತ್ತಿಗೆ ಕೆಳಗಿಟ್ಟು ತಲೆಯ ಮೇಲಿನ ಟೋಪಿ ತೆಗೆದು ಎರಡು ನಿಮಿಷ ನಿಂತ. ಹೀಗೆ ಅವನು ತನ್ನ ಸಾವಿಗೆ ತಾನೇ ಮೌನ ಆಚರಿಸಿದ.

ಮಧ್ಯಾಹ್ನ ಒಂದಕ್ಕೆ ಡೋರೀನ್ ಹಿಂತಿರುಗಿದಳು. ಆ ಬೀದಿಯ ಕಿಟಕಿಗಳು ರಸ್ತೆಗೇ ಅಂಟಿಕೊಂಡಿರುವುದರಿಂದ ಹೊರಗಿನ ಮಾತು ಒಳಗೆ ಸ್ಪಷ್ಟವಾಗಿ ಕೇಳುತ್ತದೆ. ಬೀದಿಯ ಪರದೆಗಳನ್ನು ನೋಡಿ ಯಾರು ಹೋದರೆಂದು ಅವಳು ಕೇಳುವ ಮೊದಲೇ ಮಿಸೆಸ್ ಗ್ರಿಂಶಾ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

"ಡೋರೀನ್, ಏನು ಹೇಳಲಿ ತಾಯಿ. ಮುಂದಿನ ಕೋಣೇಲೇ ತಾನೆ?"

"ಹೂಂ, ಮುಂದಿನ ಕೋಣೇನೇ. ನಿಮಗೂ ಗೊತ್ತಾಯ್ತಾ?"

"ಬೀದಿಗೆಲ್ಲ ಗೊತ್ತು. ಯಾವಾಗ ಆಗಿದ್ದು?"

"ಬುಧವಾರ ಸಂಜೆ ಏಳಕ್ಕೆ ನಾನು ಕೈಯಿಟ್ಟು ನೋಡ್ತೀನಿ, ತಣ್ಣಗೆ. ಪಾದದ ಹತ್ರ ಒಂಚೂರು ಬಿಸಿ ಇತ್ತು, ಅಷ್ಟೇ."

"ದೇವರೇ. ನಾನು ಇವತ್ತು ಬೆಳಿಗ್ಗೆ ಅಂದ್ಕೊಂಡಿದ್ದೆ. ಬುಧವಾರದಿಂದ ಒಬ್ಬಳೇ ಇಟ್ಕೊಂಡು ಕೂತಿದ್ದೀಯಾ? ಯಾರನ್ನಾದ್ರೂ ಕರೆಸಬಾರದಿತ್ತಾ?"

"ಕರೆಸೋಣ ಅಂತ ಬಡ್ಕೊಂಡೆ. ಅವನೆಲ್ಲಿ ಕೇಳ್ತಾನೆ? ನಾನೇ ನೋಡ್ಕೋತೀನಿ ಅಂದ."

"ಕೊನೇ ಉಸಿರಿನ ತನಕ ಅದೇ ಹಟ," ಎಂದು ಮಿಸೆಸ್ ಗ್ರಿಂಶಾ ಮೂಗೊರೆಸಿಕೊಂಡಳು. "ಮುಂದಿನ ಕೆಲಸ ಯಾವತ್ತು ಇಟ್ಕೊಂಡಿದ್ದೀರಿ?"

"ಭಾನುವಾರ ನಾಲ್ಕಕ್ಕೆ. ಕೀತ್‌ನ ಅಪ್ಪ ಅಮ್ಮಂಗೆ ಬೇರೆ ದಿನ ಆಗಲ್ವಂತೆ."

"ಬೀಗರ ಅನುಕೂಲ ನೋಡೋ ಹೊತ್ತೇನೇ ಇದು? ಆಗ್ಲಿ, ನಿಮ್ಮಿಷ್ಟ. ಈ ಹ್ಯಾಮ್ ತಗೋ. ಬೆಳಿಗ್ಗೆಯಿಂದ ಬೇಯಿಸಿದ್ದೀನಿ. ಬಂದವರಿಗೆ ಆಗುತ್ತೆ."

ಪರದೆಯ ಹಿಂದೆ ನಿಂತಿದ್ದ ಸಿರಿಲ್‌ನ ಮೈ ಕುದಿಯಿತು. ತನ್ನ ರೇಡಿಯೇಟರಿನ ಸಂಗತಿಯನ್ನು ಕಟ್ಟಿಕೊಂಡ ಹೆಂಡತಿಯೇ ಬೀದಿಯಲ್ಲಿ ನಿಂತು ಹೇಳುತ್ತಿದ್ದಾಳೆ. ಅದೂ ಆಲ್ಬರ್ಟ್ ತೀರಿಹೋದ ದಿನ! ಕೊನೇ ಉಸಿರಿನ ತನಕ ಹಟವಂತೆ. ಗಾಳಿ ಬಿಡಿಸುವುದು ಹಟವಾಯಿತೇ?

ಡೋರೀನ್ ಹ್ಯಾಮ್ ಹಿಡಿದು ಹಿಂದಿನ ಓಣಿಯಿಂದ ಸುತ್ತಿ ಬರುವಷ್ಟರಲ್ಲಿ ಮುಂಬಾಗಿಲ ಗಂಟೆ ಸದ್ದಾಯಿತು. ಸಿರಿಲ್ ತೆರೆದ. ಕಪ್ಪು ಓವರ್‌ಕೋಟು, ಕಪ್ಪು ಟೈ, ಕೈಯಲ್ಲಿ ಅಳತೆ ಟೇಪು ಹಿಡಿದ ತೆಳ್ಳನೆಯ ಮನುಷ್ಯ ನಿಂತಿದ್ದ. ಪಕ್ಕದ ಊರಿನ ಮಿಸ್ಟರ್ ಪಿಲ್ಲಿಂಗ್, ಶವಸಂಸ್ಕಾರದ ಕಸುಬಿನವನು. ಎಂಟು ವರ್ಷದ ಹಿಂದೆ ಒಮ್ಮೆ ನೋಡಿದ್ದ ಆ ಮುಖ ಸಿರಿಲ್‌ಗೆ ಮರೆತುಹೋಗಿತ್ತು.

"ಹೋಲ್ಡನ್ ಅವರ ಮನೆ ತಾನೆ? ಪಿಲ್ಲಿಂಗ್ ಅಂತ. ಕರೆಯೋ ಮುಂಚೆ ಬಂದೆ ಅಂತ ತಪ್ಪು ತಿಳೀಬೇಡಿ. ಬೀದಿಯವರು ಫೋನ್ ಮಾಡಿದ್ರು. ಮುಂದಿನ ಕೋಣೆ ನೋಡ್ಬಹುದಾ?"

ಡೋರೀನ್ ಭಾನುವಾರದವರೆಗೂ ಕಾಯದೆ ಆಳು ಕರೆಸಿಬಿಟ್ಟಿದ್ದಾಳೆ ಎಂದು ಸಿರಿಲ್‌ಗೆ ಖಾತ್ರಿಯಾಯಿತು. ಆದರೂ ಇವನು ರೈಡಿಂಗ್ಸ್ ಅಲ್ಲ, ಟೈ ಕಟ್ಟಿದ್ದಾನೆ, ದೊಡ್ಡ ಕಂಪನಿಯವನಿರಬೇಕು. ಸಿರಿಲ್ ಗಂಭೀರವಾಗಿ ಬಾಗಿಲು ತೋರಿಸಿದ.

ಪಿಲ್ಲಿಂಗ್ ಒಳಗೆ ಕಾಲಿಟ್ಟವನೇ ಉಸಿರು ಬಿಟ್ಟು ನೋಡಿದ. ಉಸಿರು ಹಬೆಯಾಯಿತು. ಅವನ ಮುಖದಲ್ಲಿ ಮೆಚ್ಚುಗೆ ಮೂಡಿತು.

"ಎಷ್ಟು ಚೆನ್ನಾಗಿ ತಣ್ಣಗಿಟ್ಟಿದ್ದೀರಿ. ಇಪ್ಪತ್ತು ವರ್ಷದಲ್ಲಿ ಇಂಥ ಕೋಣೆ ನೋಡಿಲ್ಲ ಸ್ವಾಮಿ. ಭಾನುವಾರದ ತನಕ ಹೀಗೇ ಇರ್ಲಿ."

"ಹೀಗೇ ಇರೋದಾ? ಭಾನುವಾರ ಬೆಳಿಗ್ಗೆಗೆ ಬಿಸಿಯಾಗ್ಬೇಕು."

"ಅಯ್ಯಯ್ಯೋ, ಬೇಡ. ಬಿಸಿ ಮಾತ್ರ ಮಾಡ್ಬೇಡಿ." ಪಿಲ್ಲಿಂಗ್ ಬಾಗಿಲಿನ ಅಗಲ ಅಳೆದ. ಕೋಣೆಯಲ್ಲಿ ಯಾರೂ ಮಲಗಿಲ್ಲದ್ದು ಕಂಡು, ಮಹಡಿಯಲ್ಲಿರಬೇಕು ಎಂದುಕೊಂಡ. "ಉದ್ದ ಎಷ್ಟು ಬರುತ್ತೆ?"

"ನಾಲ್ಕಡಿ."

ಪಿಲ್ಲಿಂಗ್‌ನ ಟೇಪು ತಾನಾಗಿ ಸುತ್ತಿಕೊಂಡಿತು. "ನಾಲ್ಕೇ ಅಡಿಯಾ? ಎಷ್ಟು ವರ್ಷ?"

"ಹದಿನೈದು. ಇನ್ನೂ ಹದಿನೈದು ವರ್ಷ ಬಾಳಬೇಕಿತ್ತು, ನಂಬ್ತೀರಾ? ನನ್ನ ಕೈಯಾರೆ ಹೀಗಾಯ್ತು ಅಂತಾಳೆ ನನ್ನ ಹೆಂಡ್ತಿ."

ಪಿಲ್ಲಿಂಗ್ ಕರವಸ್ತ್ರ ತೆಗೆದ. ಕಸುಬು ಕಲಿತ ಮೇಲೆ ಅವನು ಬೇರೆಯವರ ಮನೆಯಲ್ಲಿ ಅತ್ತದ್ದು ಅದೇ ಮೊದಲು. "ಬೇರೆ... ಬೇರೆ ಇದ್ದಾವಾ?"

"ಇನ್ನೂ ಆರಿವೆ. ಅವೆಲ್ಲ ಮುಟ್ಟೋಕಾಗಲ್ಲ, ಅಷ್ಟು ಬಿಸಿ."

"ಆರಕ್ಕೂ ಜ್ವರವಾ?" ಪಿಲ್ಲಿಂಗ್ ಸಿರಿಲ್‌ನ ಭುಜ ಹಿಡಿದ. "ನೀವೇನೂ ಯೋಚ್ನೆ ಮಾಡ್ಬೇಡಿ. ಸಂಜೆ ನಮ್ಮವರು ನಾಲ್ಕು ಜನ ಬಂದು ಮೆಲ್ಲಗೆ ಎತ್ಕೊಂಡು ಹೋಗ್ತಾರೆ."

"ಎತ್ಕೊಂಡು ಹೇಗೆ ಹೋಗ್ತಾರೆ? ಗೋಡೆಗೆ ನಾಲ್ಕು ಸ್ಕ್ರೂ ಹೊಡೆದಿದೀನಲ್ಲ."

ಪಿಲ್ಲಿಂಗ್ ಮೆಲ್ಲನೆ ಹಿಂದೆ ಸರಿದು, ಎಂಟು ವರ್ಷದಿಂದ ಯಾರೂ ಕೂತಿರದ ಸೋಫಾದ ಮೇಲೆ ಕೂತುಬಿಟ್ಟ. ಅದೇ ಹೊತ್ತಿಗೆ ಡೋರೀನ್ ಹ್ಯಾಮ್ ಹಿಡಿದುಕೊಂಡು ಒಳಗೆ ಬಂದಳು. ಅವಳಿಗೆ ಪಿಲ್ಲಿಂಗ್‌ನ ಗುರುತಿತ್ತು. ಅವಳ ತಾಯಿಯನ್ನು ಕಳಿಸಿಕೊಟ್ಟವನು ಅವನೇ.

"ಮಿಸ್ಟರ್ ಪಿಲ್ಲಿಂಗ್, ನೀವಾ? ಯಾರು ಹೋದ್ರು?"

"ಆಲ್ಬರ್ಟ್ ಅಂತ ಕಾಣುತ್ತೆ," ಎಂದ ಸಿರಿಲ್.

"ಅಲ್ಲ ತಾಯಿ, ಫೋನಿನಲ್ಲಿ ನಿಮ್ಮ ಯಜಮಾನ್ರು ಅಂದ್ರು, ಇವರ ಮಾತು ಕೇಳಿದ್ರೆ ಮಗು ಅನ್ಸುತ್ತೆ," ಎಂದ ಪಿಲ್ಲಿಂಗ್, ಸಿರಿಲ್‌ನ ಕಡೆ ಅನುಮಾನದಿಂದ ನೋಡುತ್ತ. "ಇವರು ಅವರ ತಮ್ಮನಾ?"

ಡೋರೀನ್ ಪರದೆ ನೋಡಿದಳು. ಸಿರಿಲ್‌ನನ್ನು ನೋಡಿದಳು. ಹ್ಯಾಮ್ ನೋಡಿದಳು. ಆಮೇಲೆ ಹೋಗಿ ಪರದೆಯನ್ನು ಸರ್ರನೆ ತೆರೆದಳು. ಹೊರಗೆ ರಸ್ತೆಯಲ್ಲಿ ಮಿಸೆಸ್ ಗ್ರಿಂಶಾ, ಆಲ್ಬರ್ಟ್, ಮತ್ತು ಹೂವಿನ ಚಕ್ರ ಹಿಡಿದ ಕಾರ್ಖಾನೆಯ ಮ್ಯಾನೇಜರು ಟೋಪಿ ಕೈಯಲ್ಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಗಾಜಿನ ಈಚೆ ಬನಿಯನ್ನಿನಲ್ಲಿ, ಮುಖಕ್ಕೆಲ್ಲ ಕರಿ ಬಳಿದುಕೊಂಡು ಮೃತನೇ ನಿಂತಿದ್ದ. ಏನು ಮಾಡಬೇಕೋ ತಿಳಿಯದೆ ಅವನು ಕೈ ಬೀಸಿದ.

ಶನಿವಾರದ ವಿಷಯ ಹೆಚ್ಚು ಹೇಳದಿರುವುದೇ ವಾಸಿ. ಬದುಕಿ ಬಂದವನನ್ನು ಕಂಡು ಊರು ಸಂತೋಷಪಡುತ್ತದೆ ಎಂದು ತಿಳಿದವರು ಊರನ್ನು ಕಂಡಿಲ್ಲ. ಮಿಸೆಸ್ ಗ್ರಿಂಶಾಳಿಗೆ ತಾನು ಅತ್ತದ್ದೆಲ್ಲ ದಂಡವಾಯಿತೆಂಬ ಸಿಟ್ಟು. ಹ್ಯಾಮನ್ನು ಡೋರೀನ್ ಹಿಂತಿರುಗಿಸಲು ಹೋದರೆ, "ದುಃಖಕ್ಕೆ ಕೊಟ್ಟಿದ್ದು ವಾಪಸ್ ತಗೋಬಾರ್ದು. ಇಟ್ಕೊಳ್ಳಿ, ಯಾವತ್ತಾದ್ರೂ ಬೇಕಾಗುತ್ತೆ," ಎಂದು ಬಾಗಿಲು ಹಾಕಿಕೊಂಡಳು. ಮ್ಯಾನೇಜರು, ಉಗ್ರಾಣದ ಜಾಗಕ್ಕೆ ಬೇರೆಯವರ ಹೆಸರು ಯೋಚಿಸಿಬಿಟ್ಟಿದ್ದೆ ಎಂದು ಸ್ವಲ್ಪ ಬೇಸರದಿಂದಲೇ ಹೇಳಿಹೋದ. ಕ್ಲಬ್ಬಿನಲ್ಲಿ ರೈಡಿಂಗ್ಸ್, "ರೇಡಿಯೇಟರಿನ ಗಾಳಿ ಬಿಡಿಸೋಕೆ ಹೋಗಿ ತನ್ನದೇ ಬಿಡಿಸ್ಕೊಂಡ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದನಂತೆ. ಗುಡ್ಡದ ಮೇಲಿನ ಆಸ್ಪಿನಾಲರೂ ಫೋನ್ ಮಾಡಿ, ಭಾನುವಾರ ಟೀಯೋ ತಿಥಿಯ ಊಟವೋ, ಯಾವ ಬಣ್ಣದ ಬಟ್ಟೆ ಹಾಕಿಕೊಂಡು ಬರಬೇಕು ಎಂದು ವಿಚಾರಿಸಿದರು. ಜಾನೆಟ್ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಅತ್ತಳು.

ಡೋರೀನ್ ಮಾತ್ರ ಬೈಯಲಿಲ್ಲ. ಇಡೀ ದಿನ ಏನನ್ನೋ ಯೋಚಿಸುತ್ತ, ಮುಂದಿನ ಕೋಣೆಯ ಬಾಗಿಲವರೆಗೆ ಹೋಗುವುದು, ಹಿಂತಿರುಗುವುದು ಮಾಡುತ್ತಿದ್ದಳು. ಸಿರಿಲ್‌ಗೆ ಅದು ಬೈಗುಳಕ್ಕಿಂತ ಭಾರವಾಯಿತು. ಅವನು ಸೋತಿದ್ದ. ಭಾನುವಾರ ಬೆಳಗಾಗುತ್ತಲೇ ತಾನೇ ರೈಡಿಂಗ್ಸ್‌ನ ಮನೆಗೆ ಹೋಗಿ ಕರೆತರುವುದೆಂದು ತೀರ್ಮಾನಿಸಿ ಮಲಗಿದ.

ಬೆಳಿಗ್ಗೆ ಎಂಟಕ್ಕೆ ಟೈ ಕಟ್ಟಿಕೊಂಡು ಕೆಳಗಿಳಿದ. ಮುಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಡೋರೀನ್, ಚರ್ಚಿಗೆ ಹೋಗುವ ಉಡುಪಿನಲ್ಲೇ, ನೆಲಕ್ಕೆ ಮಂಡಿಯೂರಿ ಕೂತಿದ್ದಳು. ಸಿರಿಲ್ ಒಂದು ಕ್ಷಣ ಪ್ರಾರ್ಥನೆ ಎಂದುಕೊಂಡ. ಆಮೇಲೆ ಅವಳ ಕೈಯಲ್ಲಿ ಸ್ಪ್ಯಾನರು ಕಂಡಿತು. ಬಿಳಿಯ ಟೋಪಿ ಪಕ್ಕದಲ್ಲಿ ಬಿದ್ದಿತ್ತು.

"ಎರಡು... ಎರಡೂವರೆ... ಮೂರು..." ಎಂದು ಅವಳು ಎಣಿಸುತ್ತಿದ್ದಳು. "ಮೂರೂ ಕಾಲು."

ಕೊಳವೆಯಲ್ಲಿ ಗುಳುಗುಳು ಸದ್ದಾಯಿತು. ರೇಡಿಯೇಟರು ಒಂದು ಸಲ ಟಕ್ಕೆಂದಿತು, ಮತ್ತೊಮ್ಮೆ ಟಕ್ಕೆಂದಿತು. ಹಬ್ಬದ ಊಟ ಮಾಡಿದವನ ಹೊಟ್ಟೆಯಂತೆ ಏನೇನೋ ಮಾತಾಡಿಕೊಂಡು, ಒಂದು ತುದಿಯಿಂದ ಬಿಸಿಯಾಗುತ್ತ ಬಂತು.

"ಡೋರೀನ್," ಎಂದ ಸಿರಿಲ್.

ಅವಳು ತಿರುಗಲಿಲ್ಲ. ಕತ್ತಿನ ಹಿಂಭಾಗ ಕೆಂಪಾಯಿತು.

"ಅಮ್ಮ ಹೋದ ಮೇಲೆ ನಾನೇ ಮುಚ್ಚಿದ್ದೆ," ಎಂದಳು. "ಆ ಕಡೆ ತಿರುಪು ಮುಚ್ಚಿದ್ರೆ ಜಾನೆಟ್ ಕದ್ದು ಬಂದು ತಿರುಗಿಸ್ಕೊಂಡು ಸೋಫಾ ಮೇಲೆ ಓದ್ತಾ ಕೂರ್ತಿದ್ಲು. ಒಳ್ಳೇ ಸೋಫಾ. ಅದಕ್ಕೇ ಈ ಕಡೆಯಿಂದ ಮುಚ್ಚಿ ಟೋಪಿ ಹಾಕ್ಬಿಟ್ಟೆ. ಆಮೇಲೆ ಮರ್ತೇಹೋಯ್ತು. ನಿನ್ನೆ, ಆ ಪಿಲ್ಲಿಂಗ್ ಮುಖ ಜ್ಞಾಪಿಸ್ಕೊಂಡಾಗ ಅಮ್ಮನ ಜ್ಞಾಪಕ ಬಂತು, ಆಗ ಇದೂ ಬಂತು."

"ಮೂರೂ ಕಾಲು ಅಂದ್ಯಲ್ಲ, ಅದೇನು?"

"ಮುಚ್ಚೋವಾಗ ಎಷ್ಟು ಸುತ್ತು ಅಂತ ಎಣಿಸಿದ್ದೆ. ಎಷ್ಟು ಮುಚ್ಚಿದ್ವೋ ಅಷ್ಟೇ ತೆಗೀಬೇಕಲ್ವಾ?"

ನಲವತ್ತೆರಡನೆಯ ಪುಟದಲ್ಲಿ ಅದೇ ಮಾತು ಇತ್ತು. ಡೋರೀನ್ ಆ ಪುಸ್ತಕ ತೆರೆದವಳಲ್ಲ.

ಸಿರಿಲ್ ಸೋಫಾದ ಮೇಲೆ ಕೂತ. ಒಳಗಿನಿಂದ ನಿಧಾನವಾಗಿ ಒಂದು ಮಹದಾನಂದ ಏರಿಬರತೊಡಗಿತು. ತಾನು ಏನನ್ನೂ ಕೆಡಿಸಿರಲಿಲ್ಲ. ಬುಧವಾರ ಆರೂವರೆಗೆ ತಾನು ನಿಜವಾಗಿಯೂ ಮಹಾಪುರುಷನೇ ಆಗಿದ್ದ. ಆರಕ್ಕೆ ಆರೂ ರೇಡಿಯೇಟರು ಮೊದಲ ದಿನವೇ ಗೆದ್ದಿದ್ದ. ಏಳನೆಯದಕ್ಕೆ ಹೆಂಡತಿಯೇ ಎಂಟು ವರ್ಷದ ಹಿಂದೆ ಉರುಳು ಹಾಕಿದ್ದಳು. ಇದನ್ನು ಬೀದಿಗೆ ಹೇಳಬೇಕು, ಕ್ಲಬ್ಬಿಗೆ ಹೇಳಬೇಕು, ರೈಡಿಂಗ್ಸ್‌ಗೆ ಎರಡು ಸಲ ಹೇಳಬೇಕು. ಎಲ್ಲಕ್ಕಿಂತ ಮೊದಲು ಇವತ್ತು ನಾಲ್ಕು ಗಂಟೆಗೆ, ಬೀಗರ ಮುಂದೆ. ಡೋರೀನ್ ಸ್ಪ್ಯಾನರನ್ನು ಕರವಸ್ತ್ರದಲ್ಲಿ ಸುತ್ತಿ ಹೊರಗೆ ಹೋದಳು. ಹೇಳಬೇಡ ಎಂದು ಅವಳು ಬೇಡಿಕೊಳ್ಳಲಿಲ್ಲ. ಬೇಡಿಕೊಳ್ಳುವ ಜಾತಿಯವಳಲ್ಲ ಅವಳು.

ನಾಲ್ಕಕ್ಕೆ ಸರಿಯಾಗಿ ಆಸ್ಪಿನಾಲ್ ದಂಪತಿಗಳು ಬಂದರು. ಪರದೆ ಪೂರ್ತಿ ತೆರೆದಿತ್ತು. ಡೋರೀನ್ ಅದನ್ನು ದಾರ ಕಟ್ಟಿ ಬಿಗಿದಿದ್ದಳು. ಬೀದಿಯವರಿಗೆ ಆ ಹೊತ್ತಿನಲ್ಲಿ ಅದೇ ಕಿಟಕಿಯ ಮುಂದೆ ಓಡಾಡುವ ಕೆಲಸವಿತ್ತು. ಜಾನೆಟ್ ಮತ್ತು ಕೀತ್ ಎರಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹ್ಯಾಮ್ ಇತ್ತು, ಬೀಟ್‌ರೂಟಿತ್ತು, ಒಳ್ಳೆಯ ಪಿಂಗಾಣಿ ಇತ್ತು. ಮಿಸೆಸ್ ಆಸ್ಪಿನಾಲ್ ಮೊದಲು ಕೈಗವಸು ತೆಗೆದಳು, ಆಮೇಲೆ ತುಪ್ಪಳದ ಕಾಲರು, ಕೊನೆಗೆ ಕೋಟು.

ಮಿಸ್ಟರ್ ಆಸ್ಪಿನಾಲ್ ಗುಂಡಗಿನ ಮನುಷ್ಯ. ಒಲೆಯ ಮುಂದೆಯೇ ಬೆಳೆದವನಾದ್ದರಿಂದ ಶಾಖದ ಬೆಲೆ ಅವನಿಗೆ ಗೊತ್ತು. ಅವನು ಎದ್ದುಹೋಗಿ ರೇಡಿಯೇಟರಿನ ಮೇಲೆ ಅಂಗೈಯಿಟ್ಟ, ಮೇಲೆ, ಮಧ್ಯದಲ್ಲಿ, ಕೆಳಗೆ. ರೊಟ್ಟಿ ಬೆಂದಿದೆಯೇ ಎಂದು ನೋಡುವ ಹಾಗೆ ಬೆರಳಿನಿಂದ ತಟ್ಟಿದ.

"ಎಲ್ಲಾ ಕಡೆ ಒಂದೇ ಸಮ," ಎಂದ. "ಇಂಥ ಕೆಲಸ ಅಪರೂಪ. ಯಾರನ್ನ ಕರೆಸಿದ್ರಿ?"

ಜಾನೆಟ್ ತಲೆ ತಗ್ಗಿಸಿದಳು. ಸಿರಿಲ್ ಬೆಳಿಗ್ಗೆಯಿಂದ ಉರು ಹೊಡೆದ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡ. "ಎಂಟು ವರ್ಷದ ಹಿಂದೆ ಇವಳು" ಎಂದು ಶುರುವಾಗುವ ವಾಕ್ಯ ಅದು. ಗಂಟಲು ಸರಿಮಾಡಿಕೊಂಡ.

"ಯಾರನ್ನೂ ಕರೆಸಲಿಲ್ಲ," ಎಂದಳು ಡೋರೀನ್. ಅವಳು ಕಪ್ಪಿಗೆ ಹಾಲು ಬಗ್ಗಿಸುತ್ತಿದ್ದಳು. "ನಮ್ಮ ಸಿರಿಲ್ ಮಾಡಿದ್ದು. ಇಡೀ ಮನೆಯ ನೀರು ಖಾಲಿ ಮಾಡಿ, ತುಂಬಿಸಿ, ಏಳನ್ನೂ ಒಬ್ಬನೇ. ಊರೆಲ್ಲ ನಕ್ಕಿತು, ನಾನೂ ಸೇರ್ಕೊಂಡೆ. ಆದ್ರೆ ಅವನು ಮಾಡಿದ್ದು ಸರಿಯಾಗೇ ಇತ್ತು."

ಸಿರಿಲ್‌ನ ವಾಕ್ಯ ಬಾಯಲ್ಲೇ ಉಳಿಯಿತು. ಹ್ಯಾಮಿನ ಒಂದು ತುಂಡಿನ ಜೊತೆ ಅದನ್ನು ನುಂಗಿಕೊಂಡ. ಅದು ಸುಲಭವಾಗಿ ಇಳಿಯಿತು. ಹೆಮ್ಮೆಯಿಂದ ಅವನ ಕಿವಿಗಳು ಕೆಂಪಾದವು, ಕಣ್ಣು ಉರಿಯಿತು, ಎದೆ ನಿಜವಾಗಿಯೂ ಸ್ವಲ್ಪ ಹಿಡಿದುಕೊಂಡಿತು. ಈ ಮಾತಿಗಾಗಿ ಇನ್ನೊಂದು ಸಲ ಸಾಯಬೇಕಾದರೂ ಅವನು ತಯಾರಿದ್ದ.

"ಏನೂ ಕಷ್ಟ ಇಲ್ಲ," ಎಂದ ಮೆಲ್ಲಗೆ. "ಸ್ವಲ್ಪ ತಲೆ ಬೇಕು."

ಆಸ್ಪಿನಾಲ್ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಕೇಳಿ. ನಮ್ಮನೇಲಿ ಹನ್ನೊಂದಿವೆ. ಮೇಲ್ಗಡೆ ಮೂರು ಎರಡು ವರ್ಷದಿಂದ ಸತ್ತು ಬಿದ್ದಿವೆ. ರೈಡಿಂಗ್ಸ್ ಮೂರು ಸಲ ಬಂದು ಹಲ್ಲಲ್ಲಿ ಗಾಳಿ ಎಳೆದು ಹೋದ. ಇನ್ನು ನಾವು ಒಂದೇ ಮನೆಯವರ ಹಾಗೆ. ಮುಂದಿನ ಶನಿವಾರ ನೀವೇ ಬಂದು ನೋಡ್ತೀರಾ?"

ಸಿರಿಲ್ ಬಾಯಿ ತೆರೆದ. ಹನ್ನೊಂದು ರೇಡಿಯೇಟರುಗಳು, ಇಪ್ಪತ್ತೆರಡು ವಾಲ್ವುಗಳು, ಬಂಗಲೆಯ ಅಟ್ಟ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದು ನಿಂತವು. ಅವನು ಡೋರೀನಳ ಕಡೆ ನೋಡಿದ.

ಡೋರೀನ್ ಟೀ ಕಪ್ಪನ್ನು ಬೀಗರ ಕೈಗೆ ಕೊಟ್ಟಳು.

"ಬರ್ತಾನೆ," ಎಂದಳು. "ನಾನೂ ಜೊತೇಲಿ ಬರ್ತೀನಿ."